ಲೋ ಕಾರ್ಬ್ ಊಟಕ್ಕೆ ಒಳ್ಳೆಯ ಬಾಡು, ಕೈಗೆಟುಕುವ ಖರ್ಚಿನಲ್ಲಿ

ಅಕ್ಕಿ, ರಾಗಿ, ಗೋಧಿ ಅಗ್ಗ, ಬಾಡು ದುಬಾರಿ. ಅದಕ್ಕೇ ಲೋ ಕಾರ್ಬ್, ಅಂದರೆ ಪಿಷ್ಟ–ಸಕ್ಕರೆ ಕಡಿಮೆ ಇರುವ ಊಟಕ್ಕೆ ಹೊರಟ ಎಷ್ಟೋ ಮನೆಗಳವರು ತಿಂಗಳ ಖರ್ಚು ನೋಡಿ ಹಿಂದೆ ಸರಿಯುತ್ತಾರೆ. ಅವರು ಅಂಗಡಿಯಿಂದ ತಂದ ಚೀಲದಲ್ಲಿ ಹೆಚ್ಚಾಗಿ ಇರುವುದು ಎರಡೇ: ಬೋನ್‌ಲೆಸ್ ಚಿಕನ್ ಮತ್ತು ಮಟನ್. ಈ ಊಟಕ್ಕೆ ಮಟನ್ ಅನಿವಾರ್ಯವಲ್ಲ, ಬೋನ್‌ಲೆಸ್ ಬ್ರೆಸ್ಟ್ ಅಂತೂ ಅಷ್ಟಾಗಿ ಹೊಂದುವುದೂ ಇಲ್ಲ. ಕಾರ್ಬ್ ಕಡಿಮೆ ಮಾಡಿದ ಮೇಲೆ ದೇಹಕ್ಕೆ ಪ್ರೋಟೀನ್ ಜೊತೆ ಕೊಬ್ಬೂ ಬೇಕು. ತೊಡೆ, ಚರ್ಮ, ಲಿವರ್, ಬೋಟಿ, ಬೂತಾಯಿ ಮೀನು, ಮೊಟ್ಟೆ ನಿಂತ ಕೋಳಿ ಇವುಗಳಲ್ಲಿ ಎರಡೂ ಇವೆ. ಕೇಳುವವರು ಕಡಿಮೆ ಎಂಬ ಒಂದೇ ಕಾರಣಕ್ಕೆ ಇವು ಅಗ್ಗ. ಒಳ್ಳೆಯ ಬಾಡು ಎಂದರೆ ದುಬಾರಿ ತುಂಡು ಎಂಬ ಎಣಿಕೆ ಬಿಟ್ಟರೆ ಖರ್ಚಿನ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಉಳಿದರ್ಧ ತೂಕದ ಲೆಕ್ಕ, ಇಡುವ ರೀತಿ ಮತ್ತು ಬೇಯಿಸುವ ಹದಕ್ಕೆ ಸೇರಿದ್ದು.

ಎಷ್ಟು ಬೇಕು ಎಂಬುದು ಮೊದಲು

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ತಿನ್ನುವುದನ್ನು ಸಾಮಾನ್ಯವಾಗಿ ಲೋ ಕಾರ್ಬ್ ಎನ್ನುತ್ತಾರೆ. ಅದರ ಇನ್ನೂ ಕಟ್ಟುನಿಟ್ಟಾದ ರೂಪ ಕೀಟೋ ಎಂದರೆ 20ರಿಂದ 50 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇದೆ. ಒಂದು ಬಟ್ಟಲು ಅನ್ನದಲ್ಲಿ, ಅಂದರೆ 150 ಗ್ರಾಂನಲ್ಲಿ, 40ರ ಆಸುಪಾಸು. ಒಂದು ಚಪಾತಿಯಲ್ಲಿ 20. ಕೀಟೋದಷ್ಟು ಕಟ್ಟುನಿಟ್ಟು ಬೇಡ ಎನ್ನುವವರು ಮಧ್ಯಾಹ್ನ ಅರ್ಧ ಮುದ್ದೆ ಉಳಿಸಿಕೊಂಡರೂ ಲೋ ಕಾರ್ಬ್ ಮಿತಿಯೊಳಗೇ ಇರುತ್ತಾರೆ, ಖರ್ಚೂ ಹಿಡಿತದಲ್ಲಿರುತ್ತದೆ. ಬಹುಪಾಲು ಮನೆಗಳಿಗೆ ನಾವು ಹೇಳುವುದು ಇದನ್ನೇ.

ಪ್ರೋಟೀನ್ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ಒಂದು ಕಿಲೋ ದೇಹತೂಕಕ್ಕೆ 0.83 ಗ್ರಾಂ. 60 ಕೆಜಿ ತೂಗುವವರಿಗೆ ದಿನಕ್ಕೆ 50 ಗ್ರಾಂ ಆಯಿತು. ಕಾರ್ಬ್ ಇಳಿಸಿ ತೂಕವನ್ನೂ ಇಳಿಸುತ್ತಿರುವವರು ಸ್ನಾಯು ಕರಗದಂತೆ 60–70 ಗ್ರಾಂ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಬಹಳ ಹೆಚ್ಚು ಬೇಕಿಲ್ಲ. ದಿನಕ್ಕೆ ಅರ್ಧ ಕಿಲೋ ಚಿಕನ್ ತಿನ್ನಬೇಕು ಎಂದುಕೊಂಡವರು ಹಣವನ್ನು ಸುಮ್ಮನೆ ಕಳೆಯುತ್ತಿದ್ದಾರೆ.

ಬ್ರೆಸ್ಟ್ ಯಾಕೆ ಹೊಂದುವುದಿಲ್ಲ ಎಂದರೆ, ಚರ್ಮ ತೆಗೆದ ಹಸಿ ಬ್ರೆಸ್ಟ್ 100 ಗ್ರಾಂನಲ್ಲಿ 23 ಗ್ರಾಂ ಪ್ರೋಟೀನ್ ಇದ್ದರೂ ಕೊಬ್ಬು ಎರಡು ಗ್ರಾಂ ಮಾತ್ರ. ಶಕ್ತಿ 110 ಕ್ಯಾಲೊರಿ. ಚರ್ಮ ಸಮೇತ ತೊಡೆಯಲ್ಲಿ 17 ಗ್ರಾಂ ಪ್ರೋಟೀನ್, 15 ಗ್ರಾಂ ಕೊಬ್ಬು, 210 ಕ್ಯಾಲೊರಿ ಇದೆ. ಅನ್ನ ಬಿಟ್ಟು ಬ್ರೆಸ್ಟ್ ಮಾತ್ರ ತಿಂದವರಿಗೆ ಸಂಜೆ ನಾಲ್ಕಕ್ಕೆ ತಲೆ ಸುತ್ತುವಷ್ಟು ಹಸಿವಾಗುತ್ತದೆ. ದೇಹ ಪ್ರೋಟೀನನ್ನು ಉರುವಲಾಗಿ ಬಳಸುವುದಕ್ಕೂ ಒಂದು ಮಿತಿಯಿದೆ. ಆಗ ಕೈ ಹೋಗುವುದು ಬಿಸ್ಕತ್ತಿನ ಡಬ್ಬಕ್ಕೆ.

ಇಲ್ಲೇ ಒಂದು ಗಂಭೀರ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಿಸದೆ ಕಾರ್ಬ್ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ಬಳಸುವವರಿಗೆ ಕೀಟೋ ಮಾಡುವಾಗ ಸಕ್ಕರೆ ಹೆಚ್ಚು ಕಾಣದೆಯೇ ಕೀಟೊಅಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯಕಾರಿಯಾಗಿ ಏರುವ ಸ್ಥಿತಿ, ಬರಬಹುದು. ಕಿಡ್ನಿ ತೊಂದರೆ ಇರುವವರ ಪ್ರೋಟೀನ್ ಮಿತಿ ಬೇರೆ. ಇವರೆಲ್ಲ ಅಡುಗೆ ಬದಲಿಸುವ ಮೊದಲು ವೈದ್ಯರ ಜೊತೆ ಮಾತಾಡಲೇಬೇಕು.

ಕಿಲೋ ದರ ಬಿಡಿ, ಪ್ರೋಟೀನ್ ದರ ಹಿಡಿಯಿರಿ

ಅಂಗಡಿ ಮುಂದಿನ ಬೋರ್ಡು ಹೇಳುವುದು ಕಿಲೋ ದರ. ಮೂಳೆ, ಮುಳ್ಳು ಕಳೆದು ತಟ್ಟೆಗೆ ಬರುವ ಪ್ರೋಟೀನಿಗೆ ಎಷ್ಟು ಬಿತ್ತು ಎಂಬುದೇ ನಿಜವಾದ ದರ. ಕೆಳಗಿನ ಬೆಲೆಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮೂರಿನ ಇವತ್ತಿನ ದರ ಹಾಕಿಕೊಳ್ಳಿ.

ಏಳು ರೂಪಾಯಿಯ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ಅಂದರೆ 25 ಗ್ರಾಂ ಪ್ರೋಟೀನಿಗೆ 29 ರೂಪಾಯಿ. ಕಿಲೋಗೆ 150 ರೂಪಾಯಿಯ ಚಿಕನ್ ಲಿವರ್ ಆದರೆ ಮೂಳೆಯೇ ಇಲ್ಲದ್ದರಿಂದ ಅದೇ 25 ಗ್ರಾಂ 22 ರೂಪಾಯಿಗೆ ಸಿಗುತ್ತದೆ. 160 ರೂಪಾಯಿಯ ಬೂತಾಯಿಯಲ್ಲಿ ತಲೆ, ಹೊಟ್ಟೆ, ಮುಳ್ಳು ಕಳೆದರೆ ತಿನ್ನಲು ಸಿಗುವುದು ಶೇ. 60ಕ್ಕಿಂತ ಸ್ವಲ್ಪ ಕಡಿಮೆ. ಆದರೂ 36 ರೂಪಾಯಿ. ಮೂಳೆ ಸಮೇತ 240 ರೂಪಾಯಿಯ ಚಿಕನ್‌ಗೆ 43, ಕಿಲೋಗೆ 380 ಕೊಟ್ಟ ಬೋನ್‌ಲೆಸ್‌ಗೆ 41. ಈ ಎರಡು ಅಂಕಿ ನೋಡಿ ಬೋನ್‌ಲೆಸ್ಸೇ ವಾಸಿ ಎನಿಸಬಹುದು. ಆದರೆ ಮೂಳೆ ಸಮೇತ ತಂದಾಗ ಸೂಪಿನ ಮೂಳೆ ಉಳಿಯುತ್ತದೆ, ಇಡೀ ಕೋಳಿ ತಂದರೆ ಚರ್ಮದ ಕೊಬ್ಬೂ ಉಳಿಯುತ್ತದೆ. ಇನ್ನು 800 ರೂಪಾಯಿಯ ಮಟನ್‌ನಲ್ಲಿ ಅದೇ 25 ಗ್ರಾಂ ಪ್ರೋಟೀನಿಗೆ 148 ರೂಪಾಯಿ. ಮೊಟ್ಟೆಯ ಐದು ಪಟ್ಟು.

ಕೋಳಿ ಅಂಗಡಿಯಲ್ಲಿ ಮೂರು ದರ ಇರುತ್ತವೆ: ಲೈವ್, ವಿತ್ ಸ್ಕಿನ್, ವಿತೌಟ್ ಸ್ಕಿನ್. ಎರಡು ಕಿಲೋ ತೂಗುವ ಬ್ರಾಯ್ಲರ್ ಕೋಳಿಯನ್ನು ಚರ್ಮ ಸಮೇತ ಸ್ವಚ್ಛ ಮಾಡಿದರೆ ಸುಮಾರು 1.45 ಕೆಜಿ, ಚರ್ಮ ತೆಗೆದರೆ ಸುಮಾರು 1.3 ಕೆಜಿ ಬರುತ್ತದೆ. ಲೈವ್ ದರ 150 ಇದ್ದರೆ ಹಕ್ಕಿಯ ಬೆಲೆ 300. ಅಂದರೆ ಚರ್ಮ ಸಮೇತ ಕಿಲೋಗೆ 207, ಚರ್ಮ ಇಲ್ಲದೆ 231 ಬೀಳುತ್ತದೆ. ಬೋರ್ಡಿನ ದರ ಇದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀವು ಕತ್ತರಿಸುವ ಕೂಲಿ ಮತ್ತು ಲಾಭಕ್ಕೆ ಕೊಡುತ್ತಿದ್ದೀರಿ. ಲೈವ್ ದರಕ್ಕೆ ಕೊಂಡು ಚರ್ಮ ತೆಗೆಸಿ, ಲಿವರ್, ಗಿಜಾರ್ಡು, ಕತ್ತು, ಚರ್ಮ ಎಲ್ಲವನ್ನೂ ಅಂಗಡಿಯಲ್ಲೇ ಬಿಟ್ಟು ಬರುವುದು ಬಹಳ ಕಡೆ ಕಾಣುವ ನಷ್ಟ. ಅದಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ. ಚೀಲಕ್ಕೆ ಹಾಕಿಸಿಕೊಳ್ಳಿ.

ಇಡೀ ಕೋಳಿ, ಮನೆಯಲ್ಲೇ ಬಿಡಿಸುವುದು

ವಾರಕ್ಕೊಮ್ಮೆ ಚರ್ಮ ಸಮೇತ ಇಡೀ ಕೋಳಿ ತಂದು ಮನೆಯಲ್ಲಿ ಬಿಡಿಸಿಕೊಳ್ಳುವುದಕ್ಕಿಂತ ದೊಡ್ಡ ಉಳಿತಾಯ ಈ ಊಟದಲ್ಲಿ ಇನ್ನೊಂದಿಲ್ಲ. ಹತ್ತು ನಿಮಿಷದ ಕೆಲಸ, ಬೇಕಾದ್ದು ಒಂದು ಚೂಪು ಚಾಕು. ಅಂಗಡಿಯ ಕತ್ತಿ ಮೂಳೆಯ ಮೇಲೆ ಬಿದ್ದಾಗ ಚೂರುಗಳು ಮಾಂಸದಲ್ಲಿ ಸೇರುತ್ತವೆ, ಎದೆ–ತೊಡೆ ಬೆರೆತು ಒಂದೇ ರಾಶಿಯಾಗುತ್ತವೆ. ಬೇಯುವಾಗ ತೊಡೆ ಹದವಾಗುವಷ್ಟರಲ್ಲಿ ಎದೆಯ ತುಂಡು ನಾರಾಗಿರುತ್ತದೆ.

ಕೋಳಿಯನ್ನು ಎದೆ ಮೇಲಾಗಿ ಮಲಗಿಸಿ. ತೊಡೆ ಮತ್ತು ಮೈ ನಡುವಿನ ಚರ್ಮವನ್ನು ಮಾತ್ರ ಸೀಳಿ. ಈಗ ಚಾಕು ಪಕ್ಕಕ್ಕಿಟ್ಟು ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಕ್ಕೆ, ಕೆಳಕ್ಕೆ ಬಗ್ಗಿಸಿ. ‘ಟಕ್’ ಎಂದು ಕೀಲು ಕಳಚಿ ಬಿಳಿ ಗುಂಡು ಮೂಳೆ ಕಾಣುತ್ತದೆ. ಆ ಕೀಲಿನ ಸಂದಿನಲ್ಲಿ ಚಾಕು ಹಾಯಿಸಿದರೆ ಇಡೀ ಕಾಲು ಕೈಗೆ ಬರುತ್ತದೆ. ಚಾಕುವಿಗೆ ಗಟ್ಟಿ ಮೂಳೆ ತಗುಲಿತೆಂದರೆ ಕೀಲು ತಪ್ಪಿದೆ. ಒತ್ತಬೇಡಿ, ಅರ್ಧ ಬೆರಳು ಆಚೀಚೆ ಹುಡುಕಿ. ರೆಕ್ಕೆಗೂ ಇದೇ ಕ್ರಮ. ಎದೆಗೆ ನಡುಮೂಳೆಯ ಒಂದು ಪಕ್ಕದಲ್ಲಿ ಚಾಕುವಿನ ತುದಿ ಇಳಿಸಿ, ಪಕ್ಕೆಲುಬನ್ನು ಸವರಿಕೊಂಡು ಸಣ್ಣ ಸಣ್ಣ ಎಳೆತದಲ್ಲಿ ಮಾಂಸ ಬಿಡಿಸಿ. 1.45 ಕೆಜಿಯ ಕೋಳಿಯಲ್ಲಿ ಎರಡು ಕಾಲು ಸೇರಿ ಅರ್ಧ ಕಿಲೋಗೆ ಹತ್ತಿರ, ಎದೆ 400 ಗ್ರಾಂ ಆಸುಪಾಸು, ರೆಕ್ಕೆ 150, ಬೆನ್ನು–ಕತ್ತು–ಗೂಡು 350 ಗ್ರಾಂ ಸಿಗುತ್ತದೆ.

ಕಿಲೋ ಮಾಂಸಕ್ಕೆ 10–12 ಗ್ರಾಂ, ಅಂದರೆ ಎರಡು ಟೀ ಚಮಚ ಉಪ್ಪು ಸವರಿ ರಾತ್ರಿ ಫ್ರಿಜ್ಜಿನಲ್ಲಿಡಿ. ಉಪ್ಪು ಮೊದಲು ನೀರು ಎಳೆದು, ಆಮೇಲೆ ಆ ನೀರಿನೊಂದಿಗೇ ಮಾಂಸದೊಳಗೆ ಹೋಗುತ್ತದೆ. ಬೇಯುವಾಗ ರಸ ಉಳಿಯುತ್ತದೆ. ಅಗ್ಗದ ಬ್ರಾಯ್ಲರ್ ರುಚಿಗೆ ಇದಕ್ಕಿಂತ ಸುಲಭದ ಸುಧಾರಣೆ ಬೇರೆ ಇಲ್ಲ.

ಚರ್ಮವನ್ನು ಬಾಣಲೆಗೆ ಹಾಕಿ, ಎರಡು ದೊಡ್ಡ ಚಮಚ ನೀರು ಬಿಟ್ಟು ಸಣ್ಣ ಉರಿಯಲ್ಲಿಡಿ. ನೀರು ಆರುವಷ್ಟರಲ್ಲಿ ಕೊಬ್ಬು ಕರಗಲು ಶುರುವಾಗಿರುತ್ತದೆ, ತಳ ಹಿಡಿಯುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಚರ್ಮ ಗರಿಗರಿ, ಕೆಳಗೆ ಮೂರು–ನಾಲ್ಕು ದೊಡ್ಡ ಚಮಚ ಕೊಬ್ಬು. ಮೊಟ್ಟೆ ಹುರಿಯಲು, ಸೊಪ್ಪು ಬಾಡಿಸಲು ಇದು ಚೆನ್ನ, ಎಣ್ಣೆಯೂ ಉಳಿಯಿತು. ಕೋಳಿ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ಆದರೂ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿರುವವರು ಇದನ್ನೂ ಕುರಿ ಕೊಬ್ಬನ್ನೂ ತಗ್ಗಿಸಿ, ಕಡಲೆಕಾಯಿ ಎಣ್ಣೆ ಮತ್ತು ಮೀನಿನ ಕಡೆ ವಾಲುವುದು ಜಾಣತನ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ತಮಗೆ ಯಾವುದು ಒಗ್ಗುತ್ತದೆ ಎಂಬುದು ಗೊತ್ತಾಗುತ್ತದೆ.

ಗೂಡು, ಕತ್ತಿನ ಮೂಳೆಗೆ ಒಂದೂವರೆ ಲೀಟರ್ ನೀರು, ಶುಂಠಿ, ಮೆಣಸು, ಉಪ್ಪು ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಿ. ಕಾರ್ಬ್ ಇಳಿಸಿದ ಮೊದಲ ವಾರ ದೇಹ ನೀರು ಮತ್ತು ಸೋಡಿಯಂ ಹೆಚ್ಚು ಹೊರಹಾಕುತ್ತದೆ. ತಲೆನೋವು, ಸುಸ್ತು, ಕಾಲು ಸೆಳೆತ ಬರುವುದು ಬಹುಮಟ್ಟಿಗೆ ಅದರಿಂದ. ಒಂದು ಲೋಟ ಉಪ್ಪು ಹಾಕಿದ ಸೂಪು ಅಲ್ಲಿ ಕೆಲಸಕ್ಕೆ ಬರುತ್ತದೆ. ಬಿಪಿ ಇರುವವರು ವೈದ್ಯರು ಹೇಳಿದ ಉಪ್ಪಿನ ಮಿತಿಯಲ್ಲೇ ಇರಬೇಕು.

ಬ್ರಾಯ್ಲರ್‌ಗೆ ಹಾರ್ಮೋನ್ ಚುಚ್ಚುತ್ತಾರೆ ಎಂಬ ಮಾತನ್ನು ನಂಬಿ ನಾಟಿ ಕೋಳಿಗೆ ಮೂರು ಪಟ್ಟು ದುಡ್ಡು ಕೊಡಬೇಡಿ. ಸುಮಾರು 40 ದಿನಕ್ಕೆ ಎರಡು ಕಿಲೋ ಆಗುವುದು ತಳಿ ಮತ್ತು ಮೇವಿನ ಫಲ. ಸಾವಿರಾರು ಹಕ್ಕಿಗೆ ಒಂದೊಂದಾಗಿ ಚುಚ್ಚಿದರೆ ಯಾವ ರೈತನಿಗೂ ಕೂಲಿ ಗಿಟ್ಟುವುದಿಲ್ಲ. ಯೋಚಿಸಬೇಕಾದ್ದು ಆ್ಯಂಟಿಬಯೋಟಿಕ್ ಬಳಕೆಯ ಬಗ್ಗೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹಸಿ ಮಾಂಸದ ಮೇಲೆ ಇರಬಹುದು. ಅವು 74 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸಾಯುತ್ತವೆ, ಆದರೆ ಸಿಂಕಿನಲ್ಲಿ ನಲ್ಲಿ ಬಿಟ್ಟು ಕೋಳಿ ತೊಳೆದಾಗ ಹನಿ ಸಿಡಿದು ಪಕ್ಕದ ಸೌತೆಕಾಯಿ, ತಟ್ಟೆ, ಬಟ್ಟೆಗೆ ಹರಡುತ್ತವೆ. ತೊಳೆಯಲೇಬೇಕು ಎನ್ನುವವರು ಪಾತ್ರೆಯಲ್ಲಿ ನೀರು ತುಂಬಿ ಮುಳುಗಿಸಿ ತೊಳೆಯಿರಿ, ಆಮೇಲೆ ಸಿಂಕನ್ನೂ ಕೈಯನ್ನೂ ಸೋಪಿನಲ್ಲಿ ತೊಳೆದುಕೊಳ್ಳಿ.

ಮೊಟ್ಟೆ ಇಡುವುದು ಕಡಿಮೆಯಾದ ಮೇಲೆ, ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಮಾರುವ ಲೇಯರ್ ಕೋಳಿಯನ್ನು ಹಲವು ಕಡೆ ‘ಫಾರಂ ಕೋಳಿ’ ಎಂದೇ ಕರೆಯುತ್ತಾರೆ. ಮಾಂಸ ಗಟ್ಟಿ, ಕೊಬ್ಬು ಜಾಸ್ತಿ, ಸಾರಿಗೆ ನಾಟಿ ಕೋಳಿಯ ಹತ್ತಿರದ ರುಚಿ. ಬ್ರಾಯ್ಲರಿನಂತೆ 20 ನಿಮಿಷ ಬೇಯಿಸಿದರೆ ರಬ್ಬರು. ಕುಕ್ಕರಿನಲ್ಲಿ ಮೊದಲ ವಿಷಲ್ ಆದಮೇಲೆ ಉರಿ ಸಣ್ಣ ಮಾಡಿ 25–30 ನಿಮಿಷ ಬಿಡಬೇಕು. ವಿಷಲ್ ಎಣಿಸುವುದನ್ನೇ ನಂಬಬೇಡಿ. ಉರಿ ಜೋರಿದ್ದರೆ ಹತ್ತು ನಿಮಿಷದಲ್ಲಿ ಎಂಟು ವಿಷಲ್ ಬರುತ್ತವೆ, ಮಾಂಸ ಬೆಂದಿರುವುದಿಲ್ಲ.

ಮಟನ್: ಕಡಿಮೆ ತನ್ನಿ, ಸರಿಯಾದ್ದು ತನ್ನಿ

ನಮ್ಮಲ್ಲಿ ಮಟನ್ ಎಂದರೆ ಕುರಿಯೂ ಹೌದು, ಮೇಕೆಯೂ ಹೌದು. ಮೇಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಕುರಿಯಲ್ಲಿ ಹೆಚ್ಚು. ಲೋ ಕಾರ್ಬ್ ಊಟಕ್ಕೆ ಕುರಿಯೇ ಹೆಚ್ಚು ಒಪ್ಪುತ್ತದೆ. ಬನ್ನೂರು ಕುರಿಯ ಮಾಂಸಕ್ಕೆ ಇರುವ ಹೆಸರು ಸುಳ್ಳಲ್ಲ, ಕೊಬ್ಬು ಮಾಂಸದ ನಡುವೆ ಹರಡಿಕೊಂಡಿರುತ್ತದೆ. ಆದರೆ ಶುದ್ಧ ತಳಿಯ ಕುರಿಗಳು ಕಡಿಮೆ. ಆ ಹೆಸರಿನ ಬೋರ್ಡು ನೋಡಿ ಕಿಲೋಗೆ ನೂರಿನ್ನೂರು ಹೆಚ್ಚು ಕೊಡುವುದಕ್ಕಿಂತ ಮುಂದಿರುವ ಮಾಂಸ ನೋಡುವುದು ಲೇಸು. ಎಳೆ ಮಾಂಸ ತಿಳಿಗೆಂಪು, ಕೊಬ್ಬು ಬೆಳ್ಳಗೆ ಗಟ್ಟಿ, ಪಕ್ಕೆಲುಬು ಸಣ್ಣ. ಕಡುಗೆಂಪು ಮಾಂಸ, ಹಳದಿ ತಿರುಗಿದ ಕೊಬ್ಬು, ಅಗಲ ಪಕ್ಕೆಲುಬು ವಯಸ್ಸಾದ ಪ್ರಾಣಿಯ ಗುರುತು. ಬೆರಳಿನಿಂದ ಒತ್ತಿದ ಜಾಗ ತಕ್ಷಣ ಮೇಲೇಳಬೇಕು. ಗುಳಿ ಹಾಗೇ ನಿಂತರೆ ಬೇಡ.

ಬಹುಪಾಲು ಅಂಗಡಿಗಳಲ್ಲಿ ತೊಡೆ, ಭುಜ, ಕತ್ತು, ಎದೆಗೂಡು ಎಲ್ಲಕ್ಕೂ ಒಂದೇ ದರ. ಸಾರಿಗೆ ಭುಜ ಮತ್ತು ಕತ್ತು ಕೇಳಿ, ಹುರಿಯಲು ಅಥವಾ ಕೈಮಾಗೆ ತೊಡೆ. ಏನೂ ಹೇಳದೆ ನಿಂತರೆ ತಕ್ಕಡಿಗೆ ಶ್ವಾಸಕೋಶದ ಚೂರು, ಜಿಡ್ಡಿನ ಗಡ್ಡೆ, ಕಾಲಿನ ತುದಿ ಮೂಳೆಯೂ 800 ರೂಪಾಯಿ ದರದಲ್ಲೇ ಬೀಳುತ್ತವೆ. ಕೈಮಾವನ್ನು ಮಾತ್ರ ಕಣ್ಣೆದುರೇ ಮಾಡಿಸಬೇಕು. ಮೊದಲೇ ಮಾಡಿಟ್ಟ ಕೈಮಾದಲ್ಲಿ ಏನಿದೆ ಎಂದು ತಿಳಿಯುವುದಿಲ್ಲ, ಬೇಗ ಕೆಡುವುದೂ ಅದೇ.

ಬಿಸಿ ಬಿಸಿಯಾಗಿ ಕಡಿದ ಮಾಂಸವೇ ಶ್ರೇಷ್ಠ ಎಂಬ ನಂಬಿಕೆ ಗಟ್ಟಿಯಾಗಿದೆ. ಕಡಿದ ಕೆಲವು ಗಂಟೆಯಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬೇಯಿಸಿದರೆ ಎಷ್ಟು ವಿಷಲ್ ಹೊಡೆಸಿದರೂ ನಾರು ಬಿಡುವುದಿಲ್ಲ. ಇನ್ನೂ ದೊಡ್ಡ ತಪ್ಪೆಂದರೆ ಬೆಳಿಗ್ಗೆ ಕಡಿದ ಬೆಚ್ಚಗಿನ ಮಾಂಸವನ್ನು ನೇರ ಫ್ರೀಜರಿಗೆ ಹಾಕುವುದು. ಸೆಟೆತ ಮುಗಿಯುವ ಮೊದಲೇ ಹೆಪ್ಪುಗಟ್ಟಿದ ಸ್ನಾಯು, ಕರಗಿಸಿದಾಗ ಮತ್ತೆ ಬಿಗಿಯಾಗಿ ಕುಗ್ಗಿ ನೀರೆಲ್ಲ ಬಿಡುತ್ತದೆ. ಒಳ್ಳೆಯ ಮಾಂಸವೂ ಚರ್ಮದ ಪಟ್ಟಿಯಂತಾಗುತ್ತದೆ. ತಂದದ್ದನ್ನು ಫ್ರಿಜ್ಜಿನ ಕೆಳ ಅಂಕಣದಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಒಂದು ರಾತ್ರಿ ಇಟ್ಟು ಮಾರನೇ ದಿನ ಬೇಯಿಸಿ ಅಥವಾ ಫ್ರೀಜ್ ಮಾಡಿ. ಎಳೆ ಮಾಂಸಕ್ಕೆ ಕುಕ್ಕರಿನಲ್ಲಿ ಸಣ್ಣ ಉರಿಯ 15–18 ನಿಮಿಷ, ಬಲಿತದ್ದಕ್ಕೆ 25–30 ಸಾಕು. ಬಲಿತದ್ದಕ್ಕೆ ಹಸಿ ಪರಂಗಿಕಾಯಿ ಅರೆದು ಹಚ್ಚುವುದಾದರೆ ಕಿಲೋಗೆ ಒಂದು ದೊಡ್ಡ ಚಮಚ, ಒಂದು ಗಂಟೆ, ಅಷ್ಟೇ. ರಾತ್ರಿಯಿಡೀ ಬಿಟ್ಟರೆ ಮೇಲ್ಪದರ ಹಿಟ್ಟಾಗುತ್ತದೆ.

ನಿಜವಾದ ಉಳಿತಾಯ ಒಳಭಾಗಗಳಲ್ಲಿದೆ. ಲಿವರನ್ನು ಒಂದಂಗುಲದ ಹೋಳು ಮಾಡಿ ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ, ನಡುವೆ ಕೆಂಪು ಹೋಗುವವರೆಗೆ. ಅದಕ್ಕಿಂತ ಹೆಚ್ಚು ಬೆಂದರೆ ಬಾಯಲ್ಲಿ ಮರಳು ಮರಳಾಗುತ್ತದೆ. ಕಬ್ಬಿಣಾಂಶ, ಬಿ12 ಎರಡೂ ಇದರಲ್ಲಿ ಧಾರಾಳ. ವಿಟಮಿನ್ ಎ ಅತಿಯಾಗಿರುವುದರಿಂದ ಕುರಿ ಲಿವರ್ ವಾರಕ್ಕೆ ಒಬ್ಬರಿಗೆ 100 ಗ್ರಾಂ ದಾಟಬಾರದು, ಬಸುರಿಯರು ಲಿವರ್ ತಿನ್ನದಿರುವುದೇ ಕ್ಷೇಮ. ಯೂರಿಕ್ ಆ್ಯಸಿಡ್ ತೊಂದರೆ ಇರುವವರು ಲಿವರ್ ಮತ್ತು ಬೂತಾಯಿ ಎರಡನ್ನೂ ದೂರ ಇಡಬೇಕು.

ಬೋಟಿ ಕೆಡುವುದು ಸ್ವಚ್ಛ ಮಾಡುವ ಹಂತದಲ್ಲಿ. ಕುದಿಯುವ ನೀರಿಗೆ ಹಾಕಿದರೆ ಒಳಪದರ ಅಂಟಿಕೊಂಡು ಬಿಡುತ್ತದೆ, ಆಮೇಲೆ ಎಷ್ಟು ಕೆರೆದರೂ ಬಾರದು. ಕೈ ಇಡಲಾಗದಷ್ಟು ಬಿಸಿ, ಆದರೆ ಕುದಿ ಬಾರದ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ ತೆಗೆದು ಚಮಚದ ಅಂಚಿನಿಂದ ಕೆರೆಯಿರಿ. ಕಪ್ಪು ಪದರ ಸಿಪ್ಪೆಯಂತೆ ಏಳುತ್ತದೆ. ಕರುಳನ್ನು ಒಳಹೊರಗು ಮಾಡಿ ಕಲ್ಲುಪ್ಪು, ಅರಿಸಿನ ಹಾಕಿ ಉಜ್ಜಿ ತೊಳೆಯಬೇಕು. ಹತ್ತು ನಿಮಿಷ ಬೇಯಿಸಿದ ಮೊದಲ ನೀರು ಚೆಲ್ಲಿದರೆ ವಾಸನೆ ಹೋಗುತ್ತದೆ. ಆಮೇಲೆ ಕುಕ್ಕರಿನಲ್ಲಿ 30–35 ನಿಮಿಷ. ಕಾಲು ಸೂಪು ರುಚಿಗೆ, ಉಪ್ಪಿಗೆ, ಹೊಟ್ಟೆ ತುಂಬಲು ಒಳ್ಳೆಯದು. ಅದರ ಪ್ರೋಟೀನ್ ಬಹುಪಾಲು ಕೊಲಾಜೆನ್, ಟ್ರಿಪ್ಟೋಫ್ಯಾನ್ ಎಂಬ ಅತ್ಯಗತ್ಯ ಅಂಶ ಅದರಲ್ಲಿಲ್ಲ. ಹಾಗಾಗಿ ದಿನದ ಪ್ರೋಟೀನ್ ಲೆಕ್ಕಕ್ಕೆ ಕಾಲು ಸೂಪನ್ನು ಸೇರಿಸಬೇಡಿ, ಜೊತೆಗೆ ಒಂದು ಮೊಟ್ಟೆ ಇರಲಿ.

ಹಳೇ ಮೈಸೂರು ಸೀಮೆಯ ಗುಡ್ಡೆ ಬಾಡು ಈ ವಿಷಯದಲ್ಲಿ ಬಹಳ ಜಾಣ ಪದ್ಧತಿ. ಏಳೆಂಟು ಮನೆಯವರು ಸೇರಿ ಕುರಿ ಕೊಂಡು, ಕಡಿಸಿ, ಮಾಂಸ, ಲಿವರ್, ಬೋಟಿ, ಕೊಬ್ಬು ಎಲ್ಲವೂ ಸ್ವಲ್ಪ ಸ್ವಲ್ಪ ಬರುವಂತೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಯುಗಾದಿಯ ಮಾರನೇ ದಿನದ ಹೊಸತೊಡಕಿಗಂತೂ ಇದು ಇದ್ದೇ ಇರುತ್ತದೆ. 25 ಕೆಜಿ ತೂಗುವ ಕುರಿಯಲ್ಲಿ 11–12 ಕೆಜಿ ಮಾಂಸ ಬರುತ್ತದೆ. ತಲೆ, ಕಾಲು, ಬೋಟಿ ಬೇರೆ. ಅಮೀನಗಡ, ತೆಂಡೇಕೆರೆಯಂಥ ಕುರಿ ಸಂತೆಗಳಲ್ಲಿ ಕೊಂಡು, ಸಾಗಣೆ, ಕಡಿಯುವ ಕೂಲಿ ಎಲ್ಲ ಸೇರಿಸಿದರೆ ಕಿಲೋಗೆ ಉಳಿಯುವುದು ಬಹಳವೇನಲ್ಲ. ಜೀವಂತ ಪ್ರಾಣಿಯ ವಯಸ್ಸು, ಆರೋಗ್ಯ ಕಣ್ಣಾರೆ ನೋಡಿ ಕೊಳ್ಳುತ್ತೀರಿ, ಒಳಭಾಗಗಳೂ ಪಾಲಿಗೆ ಬರುತ್ತವೆ. ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು ಸೇರಿ ಪರಿಚಯದ ಅಂಗಡಿಯಲ್ಲಿ ಒಂದು ಕುರಿಯನ್ನು ಹೀಗೆ ಹೇಳಿ ಹಂಚಿಕೊಳ್ಳಬಹುದು.

ಹಂದಿ ಮಾಂಸ ತಿನ್ನುವ ಮನೆಗಳಿಗೆ ಅದು ಮಟನ್‌ಗಿಂತ ಅಗ್ಗದ, ಕೊಬ್ಬಿರುವ ಆಯ್ಕೆ. ಕೊಡಗಿನ ಪಂದಿ ಕರಿಗೆ ಹಾಕುವುದು ಕಾಚಂಪುಳಿ ಎಂಬ ಕಪ್ಪು ಹುಳಿರಸ; ಸಿಹಿಯೂ ಇಲ್ಲ, ಹಿಟ್ಟೂ ಇಲ್ಲ. ಒಳಗೆ ಎಲ್ಲೂ ಹಸಿ ಉಳಿಯದಂತೆ ಬೇಯಿಸಬೇಕು.

ಮೀನಿಗೆ ಋತು ನೋಡಿ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಮಲ್ಪೆ, ಮಂಗಳೂರಿನ ದಕ್ಕೆ ತಣ್ಣಗಿರುತ್ತವೆ, ದರ ಏರುತ್ತದೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಅಲ್ಲಿಯ ಮೀನು ಲಾರಿಯಲ್ಲಿ ಬರುತ್ತದೆ, ದೂರದ ದಾರಿ ಸವೆಸಿ. ಮಳೆಗಾಲದಲ್ಲಿ ಬಯಲುಸೀಮೆಯವರು ಕೆರೆಯ ಕಟ್ಲಾ, ರೋಹು, ಜಿಲೇಬಿ ಮೀನು ಕೊಳ್ಳುವುದು ಮೇಲು. ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಬಂಗುಡೆ, ಬೂತಾಯಿ ಹೇರಳವಾಗಿ ಬಂದಾಗ ಅಂಜಲ್, ಮಾಂಜಿಯಂಥ ದುಬಾರಿ ಮೀನಿನ ಕಡೆ ನೋಡುವ ಅಗತ್ಯವೇ ಇಲ್ಲ. ಒಮೆಗಾ–3 ಕೊಬ್ಬು ಈ ಅಗ್ಗದ ಮೀನುಗಳಲ್ಲೇ ಹೆಚ್ಚು.

ಬಂಗುಡೆ, ಬೂತಾಯಿಯಲ್ಲಿ ಒಂದು ಅಪಾಯ ಮಾತ್ರ ನೆನಪಿಡಬೇಕು. ಐಸ್ ಇಲ್ಲದೆ ಬಿಸಿಲಿಗೆ ಬಿದ್ದರೆ ಇವುಗಳಲ್ಲಿ ಬ್ಯಾಕ್ಟೀರಿಯಾ ಹಿಸ್ಟಮಿನ್ ಎಂಬ ವಿಷವಸ್ತು ಉತ್ಪಾದಿಸುತ್ತದೆ. ಆಮೇಲೆ ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಅರ್ಧ–ಒಂದು ಗಂಟೆಯಲ್ಲಿ ಮುಖ ಕೆಂಪೇರಿ, ತುರಿಕೆ, ತಲೆನೋವು ಬರುತ್ತದೆ; ಜನ ಅದನ್ನು ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಐಸಿನಲ್ಲಿ ಹುದುಗಿರುವ ಮೀನನ್ನೇ ಆರಿಸಿ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಹೊಟ್ಟೆ ಒಡೆದಿರಬಾರದು. ಒಂದು ಗಂಟೆಗಿಂತ ಹೆಚ್ಚು ದಾರಿ ಇದ್ದರೆ ಐಸ್ ಹಾಕಿಸಿಕೊಂಡೇ ಹೊರಡಿ.

ಬಾಡಿನಲ್ಲಿಲ್ಲದ ಕಾರ್ಬ್ ಮಸಾಲೆಯಿಂದ ಬರುತ್ತದೆ

ಬೆಂಗಳೂರಿನ ಅಂಗಡಿ ಕಬಾಬಿನ ಕೆಂಪು ಗರಿಯಲ್ಲಿ ಕಾರ್ನ್‌ಫ್ಲೋರ್, ಮೈದಾ, ಅಕ್ಕಿ ಹಿಟ್ಟು ಇದೆ. ಒಂದು ಕಿಲೋ ಕೋಳಿಗೆ 100 ಗ್ರಾಂ ಕಾರ್ನ್‌ಫ್ಲೋರ್ ಹಾಕಿದರೆ ಹೆಚ್ಚುಕಡಿಮೆ 90 ಗ್ರಾಂ ಕಾರ್ಬ್ ಸೇರಿತು. ಮನೆಯಲ್ಲಿ ಮೊಟ್ಟೆ, ಮೊಸರು, ಮೆಣಸಿನ ಪುಡಿ ಕಲೆಸಿ ತವಾದ ಮೇಲೆ ಹುರಿದರೆ ಹಿಟ್ಟು ಬೇಕಾಗುವುದಿಲ್ಲ. ಸಾರಿಗೆ ಹುರಿಗಡಲೆ ಅರೆದು ಗಟ್ಟಿ ಮಾಡುವುದರ ಬದಲು ತೆಂಗಿನಕಾಯಿ, ಗಸಗಸೆ ಹೆಚ್ಚಿಸಿ. ಈರುಳ್ಳಿಗೆ ಹೆದರಬೇಕಿಲ್ಲ, ಎರಡು ದೊಡ್ಡ ಈರುಳ್ಳಿಯಲ್ಲಿ 18 ಗ್ರಾಂ ಆದರೂ ನಾಲ್ಕು ಜನಕ್ಕೆ ಹಂಚಿಹೋಗುತ್ತದೆ. ಅನ್ನದ ಜಾಗಕ್ಕೆ ಎಲೆಕೋಸು, ಹೀರೆ, ಸೋರೆ, ಬದನೆ, ಮೂಲಂಗಿ, ದಂಟು, ಮೆಂತ್ಯ ಯಾವುದಾದರೂ ತಟ್ಟೆಯ ಅರ್ಧ ತುಂಬಬೇಕು. ತರಕಾರಿ ಬಿಟ್ಟು ಬರೀ ಬಾಡು ತಿಂದವರಿಗೆ ಮಲಬದ್ಧತೆ ಗ್ಯಾರಂಟಿ.

ಫ್ರೀಜರ್ ಎಂಬ ಹುಂಡಿ

ಶ್ರಾವಣ, ನವರಾತ್ರಿ, ಕಾರ್ತಿಕದಲ್ಲಿ ಬಾಡು ಕೊಳ್ಳುವವರು ಕಡಿಮೆಯಾಗಿ ಕೋಳಿ ದರ ಸಾಮಾನ್ಯವಾಗಿ ಇಳಿಯುತ್ತದೆ. ಹೊಸತೊಡಕು, ಪಿತೃಪಕ್ಷದ ಹಬ್ಬಗಳಿಗೆ ಏರುತ್ತದೆ. ಮೊಟ್ಟೆ ಬೇಸಿಗೆಯಲ್ಲಿ ಅಗ್ಗ, ಚಳಿಗಾಲದಲ್ಲಿ ತುಟ್ಟಿ. ಅಗ್ಗವಾದಾಗ ಕೊಂಡು ಇಡಲು ಫ್ರೀಜರ್ −18 ಡಿಗ್ರಿಯಲ್ಲಿರಬೇಕು. 300–400 ಗ್ರಾಂನ ಪೊಟ್ಟಣಗಳಾಗಿ, ಗಾಳಿ ಒತ್ತಿ ತೆಗೆದು, ಬೆರಳಿನಷ್ಟು ದಪ್ಪಕ್ಕೆ ಚಪ್ಪಟೆ ಮಾಡಿ ತಾರೀಖು ಬರೆದು ಮಲಗಿಸಿ. ಎರಡು ಕಿಲೋದ ಉಂಡೆ ಕಟ್ಟಿಟ್ಟರೆ ನಡುಭಾಗ ತಣಿಯಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ದೊಡ್ಡ ಮಂಜಿನ ಹರಳುಗಳು ಸ್ನಾಯುವನ್ನು ಸೀಳಿರುತ್ತವೆ. ಕರಗಿಸಿದಾಗ ತಟ್ಟೆ ತುಂಬ ಕೆಂಪು ನೀರು ನಿಲ್ಲುವುದು ಅದಕ್ಕೇ. ಕರಗಿಸುವುದು ಹಿಂದಿನ ರಾತ್ರಿ ಫ್ರಿಜ್ಜಿನೊಳಗೆ, ಅಡುಗೆ ಕಟ್ಟೆಯ ಮೇಲಲ್ಲ. ಫ್ರಿಜ್ಜಿನಲ್ಲಿ ಹಸಿ ಕೋಳಿ, ಕೈಮಾ, ಮೀನು ಎರಡು ದಿನ ಮೀರಬಾರದು, ಮಟನ್ ತುಂಡು ಮೂರು ದಿನ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ಹಿಡಿದುಕೊಳ್ಳುತ್ತದೆ. ನಿತ್ಯ ಕರೆಂಟು ಹೋಗಿಬರುವ ಊರುಗಳಲ್ಲಿ ಒಂದೆರಡು ತಿಂಗಳ ದಾಸ್ತಾನು ಸಾಕು.

ಇಬ್ಬರ ಒಂದು ವಾರ

ತಲಾ 60 ಕೆಜಿಯ ಇಬ್ಬರಿಗೆ ದಿನಕ್ಕೆ 70 ಗ್ರಾಂನಂತೆ ವಾರಕ್ಕೆ 980 ಗ್ರಾಂ ಪ್ರೋಟೀನ್ ಬೇಕು. ಮೇಲಿನ ದರಗಳಲ್ಲೇ ನೋಡಿ. ಒಂದು ಟ್ರೇ, ಅಂದರೆ 30 ಮೊಟ್ಟೆ: 210 ರೂಪಾಯಿ, 180 ಗ್ರಾಂ. ಎರಡು ಕಿಲೋದ ಎರಡು ಕೋಳಿ: 600 ರೂಪಾಯಿ, 360 ಗ್ರಾಂ. ಒಂದು ಕಿಲೋ ಬೂತಾಯಿ: 160 ರೂಪಾಯಿ, 110 ಗ್ರಾಂ. ಅರ್ಧ ಕಿಲೋ ಕೋಳಿ ಲಿವರ್ ಮತ್ತು ಗಿಜಾರ್ಡು: 75 ರೂಪಾಯಿ, 85 ಗ್ರಾಂ. ಮೂರು ಕಿಲೋ ಮೊಸರು: 165 ರೂಪಾಯಿ, 100 ಗ್ರಾಂ. 400 ಗ್ರಾಂ ಕಡಲೆಕಾಯಿ ಬೀಜ: 60 ರೂಪಾಯಿ, 100 ಗ್ರಾಂ. ಭಾನುವಾರಕ್ಕೆ ಅರ್ಧ ಕಿಲೋ ಮಟನ್: 400 ರೂಪಾಯಿ, 68 ಗ್ರಾಂ. ಒಟ್ಟು 1,670 ರೂಪಾಯಿಗೆ ಸಾವಿರ ಗ್ರಾಂ ದಾಟಿತು. ಎಣ್ಣೆ, ತರಕಾರಿ ಇದರ ಮೇಲೆ.

ಆ ಅರ್ಧ ಕಿಲೋ ಮಟನ್ ಹಣದಲ್ಲಿ ಕಾಲು ಭಾಗ ತಿಂದು ಪ್ರೋಟೀನಿನಲ್ಲಿ ಹದಿನೈದನೇ ಒಂದು ಭಾಗ ಕೊಟ್ಟಿದೆ. ಕೈ ಬಿಗಿಯಾದ ವಾರ ಅದನ್ನು ಬಿಟ್ಟು ಇನ್ನೊಂದು ಡಜನ್ ಮೊಟ್ಟೆ ತಂದರೆ 84 ರೂಪಾಯಿಗೆ 72 ಗ್ರಾಂ ಸಿಗುತ್ತದೆ, ವಾರದ ಖರ್ಚು 1,354ಕ್ಕೆ ಇಳಿಯುತ್ತದೆ.